ಎರಡು ಗುಳಿಗೆ ಕೇಳಿದ ಅಕ್ಕ

2026 ಫೆಬ್ರವರಿ 7, ಶನಿವಾರ
ದಾವಣಗೆರೆ

ಬೆಳಗಿನ ಶಾಲೆ ಮುಗಿಸಿ ಹರಿಹರದಿಂದ ಬಸ್ಸಿಳಿದು ಮನೆ ಸೇರುವಾಗ ಒಂದು ಗಂಟೆ. ಚಪ್ಪಲಿ ಬಿಡುತ್ತಿದ್ದೆ, ಹಿಂದಿನ ಮನೆ ಅಕ್ಕ ಸೊಂಟ ಹಿಡಿದುಕೊಂಡೇ ಮೆಟ್ಟಿಲು ಹತ್ತಿ ಬಂದರು.

“ಟೀಚರೆ, ರಾತ್ರಿಯೆಲ್ಲಾ ಕಣ್ಣಿಗೆ ಕಣ್ಣು ಹಚ್ಚಿಲ್ಲ ನೋಡ್ರಿ. ಮೈಯೆಲ್ಲಾ ಬಡಿದು ಹಾಕ್ದಂಗೆ ಆಗೈತೆ. ನಿಮ್ಮ ಗುಳಿಗೆ ಎರಡು ಕೊಡ್ರಿ. ನಿಮ್ದೂ ಇದೇ ನೋವಲ್ಲೇನ್ರಿ?”

ಸಾರಿನ ಬಟ್ಟಲಿಂದ ಹಿಡಿದು ಉಪ್ಪಿನಕಾಯಿ ಜಾಡಿಯವರೆಗೆ ನಮ್ಮ ಎರಡು ಮನೆಗಳ ನಡುವೆ ಓಡಾಡದ ವಸ್ತುವಿಲ್ಲ. ನಾನು ಏಳಲಾಗದೆ ಮಲಗಿದ ದಿನಗಳಲ್ಲಿ ರೊಟ್ಟಿ ಬಡಿದು ತಂದುಕೊಟ್ಟವರು ಅವರೇ. ಅಂಥವರಿಗೆ ‘ಕೊಡಲ್ಲ ಅಕ್ಕ’ ಅಂದೆ. ಅವರ ಮುಖ ಸಣ್ಣದಾಯಿತು. ಕೂರಿಸಿ, ನೀರು ಕೊಟ್ಟು, ಯಾಕೆ ಕೊಡಲ್ಲ ಅನ್ನುವುದನ್ನು ಮೊದಲಿಂದ ಹೇಳಿದೆ. ಹೇಳಿದ್ದನ್ನೇ ಇಲ್ಲಿ ಬರೆದಿಡುತ್ತಿದ್ದೇನೆ.

ನನ್ನ ನೋವಿಗೆ ಫೈಬ್ರೊಮಯಾಲ್ಜಿಯ ಅನ್ನುವ ಹೆಸರು ಸಿಕ್ಕಿದ್ದು 2022ರಲ್ಲಿ. ಅದಕ್ಕೂ ಮೊದಲು ಮೂರು ವರ್ಷ ಡೈಕ್ಲೊಫೆನಾಕ್ ನುಂಗಿದ್ದೆ. ಬೋರ್ಡಿನ ಮೇಲೆ ಬರೆಯಲು ಕೈ ಎತ್ತಿದರೆ ಭುಜದಿಂದ ಬೆನ್ನಿನವರೆಗೆ ಉರಿ. ರಕ್ತ ಪರೀಕ್ಷೆ, ಎಕ್ಸ್‌ರೇ ಎಲ್ಲಾ ನಾರ್ಮಲ್. ಈ ಕಾಯಿಲೆಯಲ್ಲಿ ಕೀಲಿಗೆ ಬಾವು ಬಂದಿರುವುದಿಲ್ಲ. ನೋವಿನ ಸಂದೇಶವನ್ನು ಮೆದುಳು, ಬೆನ್ನುಹುರಿ ದೊಡ್ಡದು ಮಾಡಿಕೊಳ್ಳುತ್ತವೆ. ಡೈಕ್ಲೊಫೆನಾಕ್ ಬಾವು ಇಳಿಸುವ ಔಷಧ. ಇಳಿಸಲು ಬಾವೇ ಇಲ್ಲದ ಮೇಲೆ ಅದು ನನಗೆ ಕೊಟ್ಟದ್ದು ಹೊಟ್ಟೆಯುರಿ ಮಾತ್ರ. ಮೂತ್ರಪಿಂಡಕ್ಕೆ ಪೆಟ್ಟಾಗದೆ ಉಳಿದದ್ದು ನನ್ನ ಅದೃಷ್ಟ.

ಹೆಸರು ಸಿಕ್ಕ ಮೇಲೆ ಮೊದಲು ಕೊಟ್ಟದ್ದು ಅಮಿಟ್ರಿಪ್ಟಿಲಿನ್, ರಾತ್ರಿ 10 ಮಿಲಿಗ್ರಾಂ. ನಿದ್ದೆ ಬಂತು, ನಿಜ. ಆದರೆ ಬೆಳಿಗ್ಗೆ ಎರಡನೇ ಪೀರಿಯಡ್ ಮುಗಿಯುವವರೆಗೂ ಮಂಪರು, ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು. ದಿನಕ್ಕೆ ಐದು ಪೀರಿಯಡ್ ಮಾತಾಡುವವಳಿಗೆ ಅದು ಆಗದು. ನನ್ನ ಸಹೋದ್ಯೋಗಿಯ ತಂಗಿ ಅದೇ ಗುಳಿಗೆಯಲ್ಲಿ ನಾಲ್ಕು ವರ್ಷದಿಂದ ಚೆನ್ನಾಗಿದ್ದಾಳೆ. ಕಾಯಿಲೆ ಒಂದೇ, ಗುಳಿಗೆ ಒಂದೇ, ಮೈ ಬೇರೆ.

ಆಮೇಲೆ ಪ್ರಿಗ್ಯಾಬಲಿನ್. 150 ಮಿಲಿಗ್ರಾಂಗೆ ಏರಿಸಿದಾಗ ಬಸ್ಸಿನ ಮೆಟ್ಟಿಲು ಹತ್ತುವಾಗ ತಲೆ ತಿರುಗಿತು, ಸಂಜೆಗೆ ಪಾದ ಊದಿಕೊಂಡಿತು, ನಾಲ್ಕು ಕೆಜಿ ತೂಕ ಏರಿತು. ಡಾಕ್ಟರು ರಾತ್ರಿ ಒಂದೇ ಹೊತ್ತು 75ಕ್ಕೆ ಇಳಿಸಿದರು, ಬೆಳಿಗ್ಗೆ ತಿಂಡಿ ಆದ ಮೇಲೆ ಡ್ಯುಲೊಕ್ಸೆಟಿನ್ ಸೇರಿಸಿದರು. ಮೊದಲ ಹತ್ತು ದಿನ ಓಕರಿಕೆ, ನಂತರ ಒಗ್ಗಿತು. ನೋವು ಪೂರ್ತಿ ಹೋಗಿಲ್ಲ, ಆದರೆ ಕೈ ಎತ್ತಿ ಬೋರ್ಡಿನ ಮೇಲಿನ ಸಾಲಿನಲ್ಲಿ ಬರೆಯಬಲ್ಲೆ.

ಈ ಔಷಧಗಳ ಬಗ್ಗೆ ದೊಡ್ಡವರೂ ಒಮ್ಮತಕ್ಕೆ ಬಂದಿಲ್ಲ ಅನ್ನುವುದನ್ನು ನಮ್ಮ ಡಾಕ್ಟರೇ ಹೇಳಿದ್ದರು. ಅಮೆರಿಕದಲ್ಲಿ ಫೈಬ್ರೊಮಯಾಲ್ಜಿಯಕ್ಕೆಂದು ಪ್ರಿಗ್ಯಾಬಲಿನ್‌ಗೆ 2007ರಲ್ಲಿ, ಡ್ಯುಲೊಕ್ಸೆಟಿನ್‌ಗೆ 2008ರಲ್ಲಿ, ಮಿಲ್ನಾಸಿಪ್ರಾನ್‌ಗೆ 2009ರಲ್ಲಿ ಒಪ್ಪಿಗೆ ಸಿಕ್ಕಿತು. ಯುರೋಪಿನ ಔಷಧ ಸಂಸ್ಥೆ ಇದೇ ಮೂರಕ್ಕೆ ಇದೇ ಕಾಯಿಲೆಗೆ ಒಪ್ಪಿಗೆ ಕೊಡಲಿಲ್ಲ. ಸಿಗುವ ಲಾಭ ಸಾಧಾರಣ, ಅದೂ ಕೆಲವರಿಗೆ. ಯುರೋಪಿನ ಸಂಧಿವಾತ ತಜ್ಞರು 2016ರಲ್ಲಿ ಸಲಹೆಗಳನ್ನು ಪರಿಷ್ಕರಿಸಿದಾಗ ಬಲವಾಗಿ ಶಿಫಾರಸು ಮಾಡಿದ್ದು ವ್ಯಾಯಾಮ ಒಂದನ್ನೇ. ಕುಂದುವಾಡ ಕೆರೆ ಏರಿಯ ಮೇಲೆ ನಾನು ಹತ್ತು ನಿಮಿಷದಿಂದ ಶುರು ಮಾಡಿ ಈಗ ನಲವತ್ತು ನಿಮಿಷ ನಡೆಯುತ್ತೇನೆ. ಗುಳಿಗೆ ನನ್ನನ್ನು ಏರಿಯವರೆಗೆ ಕರೆದುಕೊಂಡು ಹೋಗುತ್ತದೆ, ಮುಂದಿನದ್ದು ಕಾಲಿನ ಕೆಲಸ.

ಅಕ್ಕನಿಗೆ ಮುಖ್ಯವಾಗಿ ಹೇಳಬೇಕಿದ್ದದ್ದು ಡಿಸೆಂಬರ್ ಕೊನೆಯ ವಾರದ ಸಂಗತಿ. ಬಚ್ಚಲಲ್ಲಿ ಜಾರಿ ಮಂಡಿ ಉಳುಕಿತ್ತು. ಹತ್ತಿರದ ಬೇರೆ ಡಾಕ್ಟರ ಹತ್ತಿರ ಹೋದೆ. ಮಂಡಿ ನೋಡಿದರು, ಗುಳಿಗೆ ಬರೆದರು. ಬೇರೆ ಏನು ನುಂಗುತ್ತೀರಿ ಅಂತ ಕೇಳಲಿಲ್ಲ. ನಾನೂ ಹೇಳಲಿಲ್ಲ, ಮಂಡಿ ನೋವಿಗೂ ನನ್ನ ಹಳೆಯ ಗುಳಿಗೆಗಳಿಗೂ ಏನು ಸಂಬಂಧ ಅಂದುಕೊಂಡೆ. ಎರಡನೇ ದಿನ ಸಂಜೆ ಚಳಿಯಲ್ಲೂ ಮೈ ಬೆವರಿತು. ಕೈ ನಡುಗಿ ಟೀ ಲೋಟ ಹಿಡಿಯಲಾಗಲಿಲ್ಲ. ಎದೆ ಡಬಡಬ, ಹೊಟ್ಟೆ ಕೆಟ್ಟಿತು, ಕೂತಲ್ಲಿ ಕೂರಲಾಗದ ಚಡಪಡಿಕೆ. ಮನೆಯವರು ಆಟೊ ತಂದು, ಎಲ್ಲಾ ಗುಳಿಗೆಗಳನ್ನೂ ಒಂದು ಕವರಿಗೆ ತುಂಬಿಕೊಂಡು ನಮ್ಮ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಅವರು ಕವರನ್ನು ಮೇಜಿನ ಮೇಲೆ ಸುರಿದು ಸ್ಟ್ರಿಪ್ ಹಿಂದಿನ ಸಣ್ಣ ಅಕ್ಷರ ಓದಿದರು. ಹೊಸ ಗುಳಿಗೆಯಲ್ಲಿ ಪ್ಯಾರಾಸಿಟಮಾಲ್ ಜೊತೆ ಟ್ರಮಡಾಲ್ ಅನ್ನುವ ಬಲವಾದ ನೋವಿನ ಔಷಧ ಇತ್ತು.

ಡ್ಯುಲೊಕ್ಸೆಟಿನ್, ಟ್ರಮಡಾಲ್ ಎರಡೂ ನರಗಳ ನಡುವೆ ಸಂದೇಶ ಸಾಗಿಸುವ ಸೆರೊಟೋನಿನ್ ಅನ್ನುವ ರಾಸಾಯನಿಕವನ್ನು ಹೆಚ್ಚಿಸುತ್ತವೆ. ಎರಡೂ ಕೂಡಿದರೆ ಅದು ಮಿತಿ ಮೀರಬಹುದು. ಅದಕ್ಕೆ ಸೆರೊಟೋನಿನ್ ಸಿಂಡ್ರೋಮ್ ಎನ್ನುತ್ತಾರೆ. ವಿಪರೀತಕ್ಕೆ ಹೋದರೆ ಜ್ವರ ಏರಿ, ಫಿಟ್ಸ್ ಬಂದು, ಜೀವಕ್ಕೇ ಅಪಾಯ. ಇನ್ನೊಂದು ಸಂಗತಿ ಕೇಳಿ ನನಗೆ ತುಂಬಾ ಸಂಕಟವಾಯಿತು: ಟ್ರಮಡಾಲ್ ಪೂರ್ತಿ ಕೆಲಸ ಮಾಡಬೇಕಾದರೆ ಯಕೃತ್ತಿನ ಒಂದು ಕಿಣ್ವ ಅದನ್ನು ಬದಲಾಯಿಸಬೇಕು. ಡ್ಯುಲೊಕ್ಸೆಟಿನ್ ಆ ಕಿಣ್ವವನ್ನೇ ತಡೆಯುತ್ತದೆ. ಅಂದರೆ ನೋವಿಗೆ ಉಪಯೋಗ ಕಡಿಮೆ, ಅಪಾಯ ಹೆಚ್ಚು. ಅದರ ಮೇಲೆ ಪ್ರಿಗ್ಯಾಬಲಿನ್ ಜೊತೆ ಸೇರಿದರೆ ಮಂಪರು ಹೆಚ್ಚಾಗಿ ಉಸಿರಾಟ ನಿಧಾನವಾಗುವ ಭಯ ಬೇರೆ. ಟ್ರಮಡಾಲ್ ನಿಲ್ಲಿಸಿದರು, ರಾತ್ರಿ ಅಲ್ಲೇ ಇಟ್ಟುಕೊಂಡು ನೋಡಿದರು, ಮರುದಿನ ಸಂಜೆಗೆ ನಡುಕ ಇಳಿಯಿತು.

ಡ್ಯುಲೊಕ್ಸೆಟಿನನ್ನೂ ಬಿಟ್ಟುಬಿಡುತ್ತೇನೆ ಅಂದೆ ಹೆದರಿಕೆಯಲ್ಲಿ. ಹಾಗೆ ತಟ್ಟನೆ ಬಿಡುವಂತಿಲ್ಲ, ಪ್ರಿಗ್ಯಾಬಲಿನ್ ಕೂಡ. ಬಿಡುವುದಾದರೆ ಹಂತಹಂತವಾಗಿ ಇಳಿಸಬೇಕು ಅಂದರು. ಔಷಧದ ಅಡ್ಡಪರಿಣಾಮವನ್ನು ರೋಗಿಗಳೇ ತಿಳಿಸಬಹುದಾದ ಸರ್ಕಾರದ ಉಚಿತ ಫೋನ್ ಸಂಖ್ಯೆ ಒಂದಿದೆ, 1800 180 3024. ಫೋನ್ ಮಾಡಿ ಹೇಳಿದೆ. ನನ್ನ ಹಾಗೆ ಇನ್ನೊಬ್ಬರಿಗೆ ಆಗದಿರಲಿ ಅನ್ನುವ ಆಸೆಯಿಂದ.

ಇಷ್ಟು ಕೇಳಿ ಅಕ್ಕ ಸುಮ್ಮನೆ ಎದ್ದು ಹೋದರು. ಬೇಸರವಾಯಿತೇನೋ ಅಂದುಕೊಂಡೆ. ಐದು ನಿಮಿಷಕ್ಕೆ ವಾಪಸ್ ಬಂದರು, ಕೈಯಲ್ಲಿ ಒಂದು ಕ್ಯಾರಿಬ್ಯಾಗ್. “ನಂದೂ ಓದ್ರಿ ಹಂಗಾರೆ.”

ಊಟದ ತಟ್ಟೆ ಸರಿಸಿ ಮೇಜಿನ ಮೇಲೆ ಹರಡಿದೆವು. ಸಕ್ಕರೆ ಕಾಯಿಲೆಯ ಗುಳಿಗೆ ಎರಡು. ಕೊಲೆಸ್ಟ್ರಾಲಿಗೆ ಅಟೊರ್ವಸ್ಟಾಟಿನ್, ಕೆಲವರಿಗೆ ಅದರಿಂದಲೇ ಮಾಂಸಖಂಡ ನೋಯುತ್ತದೆ. ರಾತ್ರಿ ಕಣ್ಣಿಗೆ ಹಾಕುವ ಗ್ಲಾಕೋಮಾದ, ಅಂದರೆ ಕಣ್ಣಿನ ನರ ಹಾಳಾಗುವ ಕಾಯಿಲೆಯ ಹನಿ. ಅಮಿಟ್ರಿಪ್ಟಿಲಿನ್, ಡ್ಯುಲೊಕ್ಸೆಟಿನ್ ಕೆಲವು ಬಗೆಯ ಗ್ಲಾಕೋಮಾದಲ್ಲಿ ಕಣ್ಣಿನ ಒತ್ತಡ ಏರಿಸಬಲ್ಲವು. ಹೋದ ವರ್ಷದ ರಿಪೋರ್ಟಿನಲ್ಲಿ ಮೂತ್ರಪಿಂಡದ ಕೆಲಸ ತೋರಿಸುವ ಕ್ರಿಯಾಟಿನಿನ್ 1.9, ಇರಬೇಕಾದದ್ದಕ್ಕಿಂತ ಹೆಚ್ಚು. ಪ್ರಿಗ್ಯಾಬಲಿನ್ ಮೂತ್ರಪಿಂಡದ ಮೂಲಕವೇ ಹೊರಹೋಗಬೇಕಾದ ಔಷಧ, ಮೂತ್ರಪಿಂಡ ಸೋತಿದ್ದರೆ ಮೈಯಲ್ಲೇ ಉಳಿಯುತ್ತದೆ. ನನ್ನ ರಾತ್ರಿ ಗುಳಿಗೆ ಅವರನ್ನು ಬಚ್ಚಲಿಗೆ ಹೋಗುವ ದಾರಿಯಲ್ಲೇ ಬೀಳಿಸುತ್ತಿತ್ತೋ ಏನೋ. ಅಷ್ಟಕ್ಕೂ ಅವರದ್ದು ನನ್ನ ಕಾಯಿಲೆಯೇ ಅಂತ ಯಾರು ನೋಡಿದ್ದಾರೆ? ಥೈರಾಯ್ಡ್ ಆಗಲಿ, ವಿಟಮಿನ್ ಡಿ ಆಗಲಿ ಒಮ್ಮೆಯೂ ಪರೀಕ್ಷೆ ಮಾಡಿಸಿಲ್ಲ.

ಕವರಿನ ತಳದಲ್ಲಿ ಪೇಪರಿನ ಪೊಟ್ಟಣ. ಕಂದು ಪುಡಿ, ಹೆಸರಿಲ್ಲ, ಊರಿಲ್ಲ.

“ಜಾತ್ರೇಲಿ ಒಬ್ಬ ಕೊಟ್ಟ. ಜೇನಿನ ಜೊತೆ ತಗಂಡ್ರೆ ಎರಡು ತಾಸಿಗೆ ನೋವು ಹೋಗ್ತೈತೆ. ಆರು ತಿಂಗಳಾತು. ಈಗ ಮುಗೀತಾ ಬಂತು, ಅದಕ್ಕೇ ನಿಮ್ಮನ್ನ ಕೇಳಿದ್ದು.”

ಅವರ ಮುಖ ನೋಡಿದೆ. ಕೆನ್ನೆ ದುಂಡಗಾಗಿತ್ತು. ಆರು ತಿಂಗಳಿಂದ ದಿನಾ ನೋಡುತ್ತಿದ್ದೇನೆ, ಮೈ ಕೈ ತುಂಬಿಕೊಂಡಿದ್ದಾರೆ ಅಂತ ಖುಷಿ ಪಟ್ಟಿದ್ದೆ. ಮುಂಗೈ ಮೇಲೆ ಏಟು ಬೀಳದೆಯೇ ಮೂಡಿದ ನೀಲಿ ಕಲೆಗಳು. ಸಕ್ಕರೆ ಎಷ್ಟು ಗುಳಿಗೆ ನುಂಗಿದರೂ ಇಳಿಯುತ್ತಿಲ್ಲ. ಇಂಥ ಪುಡಿಗಳಲ್ಲಿ ಸ್ಟೆರಾಯ್ಡ್ ಬೆರೆಸಿರುವುದುಂಟು, ಅದನ್ನು ಬಹಳ ದಿನ ತಗೊಂಡರೆ ಹೀಗೆಲ್ಲಾ ಆಗಬಹುದು. ಇದರಲ್ಲಿ ಇದೆಯೋ ಇಲ್ಲವೋ ನಾನು ಹೇಳಲಾರೆ. ಕಸದ ಬುಟ್ಟಿಗೆ ಎಸೆಯುವ ಸಿಟ್ಟು ಬಂದಿತ್ತು, ಕೈ ತಡೆದುಕೊಂಡೆ. ಸ್ಟೆರಾಯ್ಡೇ ಆಗಿದ್ದರೆ ಆರು ತಿಂಗಳಲ್ಲಿ ಮೈ ತನಗೆ ಬೇಕಾದ ಸ್ಟೆರಾಯ್ಡನ್ನು ತಾನೇ ತಯಾರಿಸುವುದು ಕಡಿಮೆಯಾಗಿರಬಹುದು, ಒಮ್ಮೆಲೇ ಬಿಟ್ಟರೆ ಬಿಪಿ ಕುಸಿದು ಬೀಳಬಹುದು.

ಆಗಲೇ ನಮ್ಮ ಡಾಕ್ಟರಿಗೆ ಫೋನ್ ಮಾಡಿದೆ. ಸೋಮವಾರ ತನಕ ಕಾಯಬೇಡಿ, ಸಂಜೆ ಆರಕ್ಕೇ ಕರೆದುಕೊಂಡು ಬನ್ನಿ, ಪೊಟ್ಟಣವೂ ಇರಲಿ ಅಂದರು. ಅಕ್ಕ ಸೀರೆ ಬದಲಿಸಿ ಬರಲು ಹೋಗಿದ್ದಾರೆ. ಅವರ ಗುಳಿಗೆಗಳ ಹೆಸರು, ಅಳತೆ, ಹೊತ್ತು ಎಲ್ಲವನ್ನೂ ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು, ಕೊನೆಯ ಸಾಲಿಗೆ ‘ಜಾತ್ರೆಯ ಪುಡಿ, ದಿನಕ್ಕೆ ಒಂದು ಚಮಚ, ಆಗಸ್ಟ್‌ನಿಂದ’ ಅಂತ ಸೇರಿಸಿದ್ದೇನೆ. ಆಟೊ ಬಂದ ಸದ್ದಾಯಿತು.