ಒಂದು ಅರ್ಜಿಯ ಬೆನ್ನು ಹತ್ತಿದ ದಿನ

ಪಕ್ಕದ ದೇಶದ ಕಂಪನಿ ನೋಂದಣಿ ಅಧಿಕಾರಿಗಳು ಏಕಗವಾಕ್ಷಿ ಕಚೇರಿ, ಅಂದರೆ ಹೊಸ ಕಂಪನಿಯ ಕಾಗದಪತ್ರವೆಲ್ಲ ಒಂದೇ ಕಡೆ ಮುಗಿಯುವ ಕಚೇರಿ, ನೋಡಲು ಬಂದಾಗ ಬೆಳಗಿನ ಹೊತ್ತೆಲ್ಲ ಸ್ವಾಗತ, ಭಾಷಣ, ಫೋಟೊಗಳಲ್ಲೇ ಕಳೆದುಹೋಗುತ್ತದೆ. ಅದನ್ನು ಅರ್ಧ ಗಂಟೆಯಲ್ಲಿ ಮುಗಿಸಿ, ಉಳಿದ ದಿನವನ್ನು ಒಂದೇ ಒಂದು ಅರ್ಜಿಯ ಬೆನ್ನು ಹತ್ತಲು ಬಳಸಿದರೆ ಭೇಟಿ ಸಾರ್ಥಕ.

ಆಫ್ರಿಕಾದಲ್ಲಿ ವ್ಯಾಪಾರ ಕಾನೂನನ್ನು ಏಕರೂಪಗೊಳಿಸುವ ಒಹಾಡಾ ಒಕ್ಕೂಟದ ದೇಶಗಳಲ್ಲಿ ಈ ಕೆಲಸಕ್ಕೆ ಒಳ್ಳೆಯ ಅನುಕೂಲವಿದೆ. 1993ರ ಅಕ್ಟೋಬರ್ 17ರಂದು ಮಾರಿಷಸ್‌ನ ಪೋರ್ಟ್ ಲೂಯಿಯಲ್ಲಿ ಸಹಿಯಾದ ಒಪ್ಪಂದದಿಂದ ಹುಟ್ಟಿದ ಈ ಒಕ್ಕೂಟದಲ್ಲಿ ಈಗ 17 ದೇಶಗಳಿವೆ, ಹೆಚ್ಚಿನವು ಪಶ್ಚಿಮ ಮತ್ತು ಮಧ್ಯ ಆಫ್ರಿಕಾದವು. ಕಂಪನಿ ಕಾನೂನು ಎಲ್ಲರಿಗೂ ಒಂದೇ. ಹಾಗಿದ್ದೂ ಒಂದು ಕಡೆ ಬೇಗ ಆಗುವ ಕೆಲಸ ಇನ್ನೊಂದು ಕಡೆ ತಿಂಗಳು ಹಿಡಿದರೆ, ಕಾರಣ ಕಾಯ್ದೆಯಲ್ಲಿಲ್ಲ, ಕಡತ ಓಡಾಡುವ ದಾರಿಯಲ್ಲಿದೆ. ಅದನ್ನು ಕಣ್ಣಾರೆ ನೋಡಬೇಕು.

ಅರ್ಜಿ ಕೌಂಟರಿಗೆ ಬಂದ ಕೂಡಲೇ ಅದರ ಮೇಲೆ ಒಂದು ಹಾಳೆ ಪಿನ್ ಮಾಡಿ. ಪ್ರತಿ ಮೇಜಿಗೆ ಬಂದ ಹೊತ್ತು, ಕೈಗೆತ್ತಿಕೊಂಡ ಹೊತ್ತು, ಬಿಟ್ಟ ಹೊತ್ತು, ಇಷ್ಟು ಬರೆದರೆ ಸಾಕು. ಕೆಲಸ ನಿಮಿಷಗಳದ್ದು, ಕಾಯುವಿಕೆ ದಿನಗಳದ್ದು ಎಂಬುದು ಆ ಹಾಳೆಯಲ್ಲೇ ಕಾಣುತ್ತದೆ. ‘ನಮ್ಮಲ್ಲಿ 48 ಗಂಟೆ’ ಎಂದು ಯಾರಾದರೂ ಹೇಳಿದರೆ, ಎಣಿಕೆ ಎಲ್ಲಿಂದ ಶುರು ಎಂದು ಕೇಳಿ. ಪೂರ್ಣ ಅರ್ಜಿ ಸ್ವೀಕರಿಸಿದ ಮೇಲೆ ಮಾತ್ರ ಎಣಿಸುವ ಕಚೇರಿಯಲ್ಲಿ, ಕೊರತೆಯೆಂದು ಮೂರು ಸಲ ವಾಪಸ್ಸಾದ ಅರ್ಜಿಗೂ ಲೆಕ್ಕ 48 ಗಂಟೆಯೇ. ಅದಕ್ಕೇ ತಿರಸ್ಕೃತ ಅರ್ಜಿಗಳ ಕಟ್ಟನ್ನು ಮಧ್ಯಾಹ್ನ ಕೇಳಿ ತೆಗೆಸಿ. ಒಪ್ಪಿಗೆಯಾದವುಗಳಿಗಿಂತ ಅದರಲ್ಲೇ ಕಲಿಯುವುದು ಹೆಚ್ಚು.

ಆ ಕಟ್ಟಿನಲ್ಲಿ ಮೇಲಿಂದ ಮೇಲೆ ಸಿಗುವ ಒಂದು ಕಾರಣವೆಂದರೆ ಅರ್ಜಿದಾರರ ಅಪರಾಧ ದಾಖಲೆಯ ಪ್ರತಿ ಇಲ್ಲದಿರುವುದು. 2010ರಲ್ಲಿ ಪರಿಷ್ಕೃತವಾದ ಒಹಾಡಾ ವಾಣಿಜ್ಯ ಕಾಯ್ದೆಯ ಪ್ರಕಾರ ಅರ್ಜಿದಾರರು ಪ್ರಮಾಣಪೂರ್ವಕ ಹೇಳಿಕೆ ಕೊಟ್ಟರೆ ನೋಂದಣಿಗೆ ಸಾಕು. ಪ್ರತಿಯನ್ನು ನೋಂದಣಿಯಾದ 75 ದಿನಗಳೊಳಗೆ ತಂದುಕೊಡಬೇಕು. ಆದರೆ ಗುಮಾಸ್ತರ ಮೇಜಿನ ಗಾಜಿನಡಿ ಇರುವುದು ಹಳೆಯ ದಾಖಲೆಪಟ್ಟಿ. ಅದು ಬದಲಾಗದಿದ್ದರೆ ಕಾಯ್ದೆ ಬದಲಾಗಿಯೂ ಪ್ರಯೋಜನವಿಲ್ಲ.

ಬಂಡವಾಳದ್ದೂ ಇದೇ ಕಥೆ. ಸೀಮಿತ ಹೊಣೆಯ ಕಂಪನಿಗೆ ಕನಿಷ್ಠ 10 ಲಕ್ಷ ಸಿಎಫ್‌ಎ ಫ್ರಾಂಕ್ (ಈ ದೇಶಗಳಲ್ಲಿ ಹೆಚ್ಚಿನವುಗಳ ನಾಣ್ಯ) ಬೇಕಿತ್ತು. 2014ರ ಜನವರಿ 30ರಂದು ಬುರ್ಕಿನಾ ಫಾಸೊದ ವಾಗಡೂಗುವಿನಲ್ಲಿ ಒಪ್ಪಿದ ಕಂಪನಿ ಕಾಯ್ದೆಯ ಪರಿಷ್ಕರಣೆಯು ಈ ಮೊತ್ತವನ್ನು ತಾವೇ ಬೇರೆ ನಿಗದಿ ಮಾಡಿಕೊಳ್ಳಲು, ಕಂಪನಿ ನಿಯಮಾವಳಿಗೆ ನೋಟರಿ ಕಡ್ಡಾಯವೆಂಬುದನ್ನು ಕೈಬಿಡಲು ದೇಶಗಳಿಗೆ ಅವಕಾಶ ಕೊಟ್ಟಿತು. ಐವರಿ ಕೋಸ್ಟ್ ಮೊತ್ತವನ್ನು ಪಾಲುದಾರರಿಗೇ ಬಿಟ್ಟಿತು. ಕ್ಯಾಮರೂನ್ 2016ರಲ್ಲಿ 1 ಲಕ್ಷ ಫ್ರಾಂಕಿಗೆ ಇಳಿಸಿತು. ನೆರೆಯವರ ಈ ಆದೇಶವನ್ನು ನಕಲು ಮಾಡುವುದು ಒಂದು ವಾರದ ಕೆಲಸ. ಅದರ ಜೊತೆಗಿರಬೇಕಾದ ಮಾದರಿ ನಿಯಮಾವಳಿಯನ್ನು, ಅಂದರೆ ಹೆಸರು, ವಿಳಾಸ, ಷೇರು ಪಾಲು ತುಂಬಿದರೆ ಮುಗಿಯುವ ನಾಲ್ಕೈದು ಪುಟದ ನಮೂನೆಯನ್ನು, ತರಲು ಮರೆತರೆ ಜನ ಮತ್ತೆ ನೋಟರಿಯ ಬಾಗಿಲಿಗೇ ಹೋಗುತ್ತಾರೆ. ನಿಯಮಾವಳಿ ಬರೆದುಕೊಳ್ಳಲು ಅವರಿಗೆ ಬೇರೆ ದಾರಿಯಿಲ್ಲ.

ಹಾಗಾಗಿ ಭೇಟಿಗೆ ಯಾರು ಹೋಗಬೇಕು ಎನ್ನುವುದು ದೊಡ್ಡ ಪ್ರಶ್ನೆ. ಕಾರ್ಯದರ್ಶಿ ಒಬ್ಬರು ಸಾಕು. ಉಳಿದ ಸೀಟುಗಳು ಕಂಪನಿ ದಾಖಲೆ ಇಡುವ ನ್ಯಾಯಾಲಯದ ನೋಂದಣಿ ಗುಮಾಸ್ತರಿಗೆ, ತೆರಿಗೆ ಸಂಖ್ಯೆ ಕೊಡುವವರಿಗೆ, ಅರ್ಜಿಯ ವಿವರ ಕಂಪ್ಯೂಟರಿಗೆ ಹಾಕುವವರಿಗೆ ಸಲ್ಲಬೇಕು. ಶುಲ್ಕದ ಹಂಚಿಕೆಯ ಮಾತು ಇವರೆಲ್ಲ ಎದುರಿಗಿದ್ದಾಗಲೇ ಆಗಬೇಕು. ಎಲ್ಲ ಹಣ ಒಂದೇ ಕೌಂಟರಿನಲ್ಲಿ ಕಟ್ಟಿಸಿಕೊಂಡರೆ ನ್ಯಾಯಾಲಯದ ಪಾಲು ಯಾವ ದಿನ, ಯಾವ ಖಾತೆಗೆ ಹೋಗುತ್ತದೆ? ಇದು ಇತ್ಯರ್ಥವಾಗದೆ ತೆರೆದ ಏಕಗವಾಕ್ಷಿಯಲ್ಲಿ ಆ ಗುಮಾಸ್ತರ ಕುರ್ಚಿ ಖಾಲಿಯೇ ಉಳಿಯುತ್ತದೆ.

ನಮ್ಮ ಕಡೆಯದನ್ನು ನೋಡಲು ಬರುವವರಿಗೂ ಗವಾಕ್ಷಿ ಎಲ್ಲಿ ಮುಗಿಯುತ್ತದೆ ಎಂಬುದನ್ನು ತೋರಿಸಬೇಕು. ಭಾರತದಲ್ಲಿ ಕಂಪನಿ ನೋಂದಣಿಗೆ 2020ರ ಫೆಬ್ರವರಿಯಲ್ಲಿ ಬಂದ ‘ಸ್ಪೈಸ್ ಪ್ಲಸ್’ ಆನ್‌ಲೈನ್ ಅರ್ಜಿಯಲ್ಲಿ ಪ್ಯಾನ್, ಟ್ಯಾನ್ (ತೆರಿಗೆ ಕಡಿತ ಮಾಡುವವರ ಸಂಖ್ಯೆ), ಪಿಎಫ್, ಇಎಸ್‌ಐ, ಬ್ಯಾಂಕ್ ಖಾತೆ, ಕರ್ನಾಟಕದಲ್ಲಾದರೆ ವೃತ್ತಿ ತೆರಿಗೆ ನೋಂದಣಿಯೂ ಜೊತೆಗೇ ಆಗುತ್ತವೆ. ಟ್ರೇಡ್ ಲೈಸೆನ್ಸಿಗೆ ಮಾತ್ರ ಸ್ಥಳೀಯ ಸಂಸ್ಥೆಗೇ ಬೇರೆ ಅರ್ಜಿ ಹಾಕಬೇಕು.

ಸಂಜೆ ಹೊರಡುವ ಮುನ್ನ ಆ ಹಾಳೆಯ ಜೊತೆಗೆ ಖಾಲಿ ಅರ್ಜಿ ನಮೂನೆ, ದಾಖಲೆಪಟ್ಟಿ, ತಿರಸ್ಕಾರ ಪತ್ರದ ಒಂದು ಪ್ರತಿ ಕೇಳಿ ಪಡೆಯಿರಿ. ಪತ್ರದಲ್ಲಿ ಅರ್ಜಿದಾರರ ಹೆಸರು ಅಳಿಸಿರಲಿ. ಊರಿಗೆ ಹೋದ ವಾರದಲ್ಲೇ ನಿಮ್ಮ ಕಚೇರಿಯ ಒಂದು ಅರ್ಜಿಗೂ ಅಂಥದೇ ಹಾಳೆ ಪಿನ್ ಮಾಡಿ, ತುಂಬಿದ ಮೇಲೆ ಆತಿಥೇಯರಿಗೆ ಕಳಿಸಿ.