ನಲ್ಲಿ ಮುಟ್ಟಿದರೆ ಜುಮ್ ಅನ್ನುತ್ತಿತ್ತು

ಮೂಡಿಗೆರೆ ಕಡೆ ಮಳೆಗಾಲದಲ್ಲಿ ಬಚ್ಚಲ ಒಲೆಗೆ ಒಣ ಸೌದೆ ಹೊಂದಿಸುವುದೇ ದೊಡ್ಡ ಕೆಲಸ. ಅದಕ್ಕೇ ನಾಲ್ಕು ವರ್ಷದ ಹಿಂದೆ ಹಂಡೆ ಇದ್ದ ಬಚ್ಚಲಲ್ಲೇ 15 ಲೀಟರಿನ ಗೀಸರ್ ಹಾಕಿಸಿದ್ದೆ. ಈ ಜುಲೈನಲ್ಲಿ ಒಂದು ದಿನ ಅಮ್ಮ ಒಳಗಿಂದ ಕೂಗಿದರು, "ಈ ನಲ್ಲಿ ಮುಟ್ಟಿದ್ರೆ ಜುಮ್ ಅನ್ನುತ್ತೆ ಮಾರಾಯ." ಮಳೆ ಜೋರು, ಗೋಡೆಯೆಲ್ಲ ತೇವ, ಅದಕ್ಕೇ ಇರಬೇಕು ಅಂತ ನಾನು ಸುಮ್ಮನಾದೆ. ಪೆದ್ದತನ. ಗೀಸರ್ ಆನ್ ಇದ್ದಾಗ ಮಾತ್ರ ಜುಮ್ ಅನ್ನುತ್ತಿತ್ತು ಅನ್ನುವುದನ್ನಾದರೂ ಗಮನಿಸಬೇಕಿತ್ತು.

ವಾರ ಬಿಟ್ಟು ನೀರು ಕಾಯುವುದೂ ನಿಂತಿತು. ನೀರು ಕಾಯಿಸುವ ಕಾಯಿಲ್ ಹೋಗಿದೆ ಅಂತ ನಾನೇ ಬಿಚ್ಚಲು ಕೂತೆ. ಮೇನ್ ಆಫ್ ಮಾಡಿ, ಪ್ಲಗ್ ಕಿತ್ತು, ಟ್ಯಾಂಕಿನ ನೀರನ್ನೆಲ್ಲ ಇಳಿಸಿದೆ. ಸ್ವಿಚ್ ಆಫ್ ಮಾಡಿದರೆ ಸಾಲದು. ಹಳೇ ಮನೆಗಳಲ್ಲಿ ಸ್ವಿಚ್ ಫೇಸಿಗೆ (ಕರೆಂಟ್ ಬರುವ ವೈರ್) ಬದಲು ನ್ಯೂಟ್ರಲ್ (ವಾಪಸ್ ಹೋಗುವ ವೈರ್) ಮೇಲೆ ಕೂತಿರುವುದೂ ಉಂಟು, ಆಗ ಆಫ್ ಮಾಡಿದ ಮೇಲೂ ಒಳಗೆ ಕರೆಂಟ್ ಇರುತ್ತದೆ.

2000 ವ್ಯಾಟಿನ ಕಾಯಿಲ್ ಸರಿಯಿದ್ದರೆ ಎರಡು ತುದಿಗಳ ನಡುವೆ ಮಲ್ಟಿಮೀಟರಿನಲ್ಲಿ ಸುಮಾರು 26 ಓಮ್ ತೋರಿಸಬೇಕು. ನನ್ನದರಲ್ಲಿ ಏನೂ ಬರಲಿಲ್ಲ, ಒಳಗಿನ ತಂತಿ ತುಂಡಾಗಿತ್ತು. ಆದರೆ ಒಂದು ತುದಿಗೂ ಕಾಯಿಲಿನ ಹೊರಗಿನ ಕೊಳವೆಗೂ ಇಟ್ಟು ನೋಡಿದರೆ ರೀಡಿಂಗ್ ಬಂತು. ಅಲ್ಲಿ ಬರಲೇಬಾರದು. ಅಂದರೆ ಕರೆಂಟ್ ಲೀಕ್ ಆಗಿ ಟ್ಯಾಂಕಿಗೆ ಹೋಗುತ್ತಿತ್ತು. ಅಲ್ಲ, ಹಾಗಾದರೆ ಲೀಕಾದ ಕರೆಂಟನ್ನು ನೆಲಕ್ಕೆ ಇಳಿಸಬೇಕಾದ ಅರ್ತ್ ಏನು ಮಾಡುತ್ತಿತ್ತು? ಮೂರು ಪಿನ್ನಿನ ಸಾಕೆಟ್ ಇದೆ, ಹಾಕಿಸಿದ ದಿನ ವೈರಿಂಗ್‌ನವನು ಫೇಸಿಗೂ ಅರ್ತಿಗೂ ಬಲ್ಬ್ ಹಿಡಿದು ತೋರಿಸಿದ್ದ, ಝಗ್ ಅಂತ ಉರಿದಿತ್ತು.

ಈ ಸಲ ಬೇರೆ ವೈರ್‌ಮನ್ ಅಣ್ಣನನ್ನು ಕರೆದೆ. ಅವರು ಗೀಸರ್ ಕಡೆ ತಿರುಗಿಯೂ ನೋಡದೆ ಸಾಕೆಟ್ ಬಿಚ್ಚಿದರು. ಹಿಂದೆ ಒಂದು ಸಣ್ಣ ವೈರ್ ತುಂಡು, ನ್ಯೂಟ್ರಲ್ಲಿಂದ ಅರ್ತ್ ಪಿನ್ನಿಗೆ. ಅಷ್ಟೇ. ಅರ್ತಿನ ಹಸಿರು ವೈರ್ ಎಳೆದೇ ಇರಲಿಲ್ಲ! ಬಲ್ಬ್ ಉರಿದಿದ್ದು ಅರ್ತಿನಿಂದಲ್ಲ, ನ್ಯೂಟ್ರಲ್ಲಿನಿಂದ.

ಇದು ಎಷ್ಟು ಕೆಟ್ಟ ಕೆಲಸ ಅಂತ ಅವರು ಬಿಡಿಸಿ ಹೇಳಿದಾಗ ಬೆವರು ಬಂತು. ನ್ಯೂಟ್ರಲ್ ಸ್ಕ್ರೂ ಸ್ವಲ್ಪ ಸಡಿಲವಾದರೂ ಗೀಸರ್ ಎಳೆಯುವ ಕರೆಂಟಿಗೆ ಟ್ಯಾಂಕಿನ ಮೈಯಲ್ಲಿ ವೋಲ್ಟೇಜ್ ಏರುತ್ತದೆ. ನಮ್ಮ ಜುಮ್ ಅದೇ, ಸ್ಕ್ರೂ ಕಪ್ಪಗಾಗಿತ್ತು. ನ್ಯೂಟ್ರಲ್ ಪೂರ್ತಿ ಬಿಟ್ಟುಹೋದರೆ ಫೇಸ್ ಕಾಯಿಲ್ ಮೂಲಕ ಹಾದು ಆ ತುಂಡು ಹಿಡಿದು ಸೀದಾ ಟ್ಯಾಂಕಿಗೆ, ನಲ್ಲಿಗೆ. ಕಾಯಿಲ್ ಹೊಸದಾಗಿದ್ದರೂ ಅಷ್ಟೆ. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತವರ ಕಥೆ ಹೇಳಬೇಕಾ?

ಆಮೇಲೆ ಎಲ್ಲ ಹೊಸದಾಗಿ ಮಾಡಿಸಿದೆವು. 2000 ವ್ಯಾಟ್ ಅಂದರೆ 230 ವೋಲ್ಟಿನಲ್ಲಿ ಹತ್ತಿರ ಹತ್ತಿರ 9 ಆಂಪ್ಸ್, 6 ಆಂಪ್ಸಿನ ಸಣ್ಣ ಸಾಕೆಟ್ಟಿಗೆ ಅದು ಆಗದ ಮಾತು. ಬೋರ್ಡಿನಿಂದ ಗೀಸರಿಗೆ ಅಂತಲೇ 4 ಸ್ಕ್ವೇರ್ ಎಂಎಂ ವೈರ್, ಜೊತೆಗೇ ಹಸಿರು ವೈರ್, ಲೋಡ್ ಮೀರಿದರೆ ಕಡಿಯುವ 16 ಆಂಪ್ಸ್ ಎಂಸಿಬಿ, ಫೇಸ್ ನ್ಯೂಟ್ರಲ್ ಎರಡನ್ನೂ ಕಡಿಯುವ ಡಬಲ್ ಪೋಲ್ ಸ್ವಿಚ್, ಅದೂ ಬಚ್ಚಲ ಹೊರಗೆ. ಮನೆ ಹಿಂದೆ ಗುಂಡಿ ತೆಗೆದು ಅರ್ತಿಗೆ ಎರಡೂವರೆ ಮೀಟರ್ ಜಿಐ ಪೈಪ್, ಸುತ್ತ ಇದ್ದಿಲು, ಉಪ್ಪು. ಮಳೆಗಾಲದಲ್ಲಿ ಅದರ ಚಿಂತೆ ಇಲ್ಲ, ಏಪ್ರಿಲ್‌ನಲ್ಲಿ ಮಾತ್ರ ನೆನಪಿಟ್ಟು ನೀರು ಹುಯ್ಯಬೇಕು. ಮೇನ್ ಬೋರ್ಡಿಗೆ 30 ಮಿಲಿ ಆಂಪ್ಸಿನ ಆರ್‌ಸಿಸಿಬಿ. ಹೋದ ಕರೆಂಟಿಗೂ ವಾಪಸ್ಸಾದ ಕರೆಂಟಿಗೂ ವ್ಯತ್ಯಾಸ ಬಂದರೆ ಇದು ಕಡಿಯುತ್ತದೆ. ಎಂಸಿಬಿ ವೈರನ್ನು ಉಳಿಸುತ್ತದೆ, ಮನುಷ್ಯರಿಗೆ ಇದು ಬೇಕು. ಆದರೆ ಆ ಹಳೇ ತುಂಡು ಹಾಗೇ ಇದ್ದಿದ್ದರೆ ಟ್ಯಾಂಕಿಗೆ ಲೀಕಾದ ಕರೆಂಟ್ ನ್ಯೂಟ್ರಲ್ಲಿನಲ್ಲೇ ವಾಪಸ್ಸಾಗಿ ಆರ್‌ಸಿಸಿಬಿಗೆ ಗೊತ್ತೇ ಆಗುತ್ತಿರಲಿಲ್ಲ.

ಕೊನೆಗೆ ಅಣ್ಣ ಅದೇ ಬಲ್ಬ್ ಪರೀಕ್ಷೆ ಮಾಡಿದರು. ಫೇಸಿಗೂ ಅರ್ತಿಗೂ ಬಲ್ಬ್ ಹಿಡಿದ ತಕ್ಷಣ ಟಕ್ ಅಂತ ಆರ್‌ಸಿಸಿಬಿ ಬಿದ್ದು ಇಡೀ ಮನೆ ಕತ್ತಲು. "ಹಿಂಗೆ ಹೋಗ್ಬೇಕು ನೋಡಿ," ಅಂದರು. ದಯವಿಟ್ಟು ಇದನ್ನು ನೀವೇ ಮಾಡಲು ಹೋಗಬೇಡಿ. ಬಂದವರ ಹತ್ತಿರ ನಿಂತು ಮಾಡಿಸಿ.

ಕಾಯಿಲ್ ಮಾತ್ರ ನಾನೇ ಹಾಕಿದೆ, ಚಿಕ್ಕಮಗಳೂರಿಂದ ತಂದಿದ್ದು. ಅಷ್ಟೇ ವ್ಯಾಟಿನದು, ಜೊತೆಗೆ ಹೊಸ ಗ್ಯಾಸ್ಕೆಟ್. ಸ್ಕ್ರೂಗಳನ್ನು ಬಿಗಿಯಾಗಿ ಕೂರಿಸಿ, ಬಿಸಿನೀರಿನ ನಲ್ಲಿಯಲ್ಲಿ ನೀರು ಧಾರೆಯಾಗಿ ಬರುವವರೆಗೂ ಕಾದು ಆಮೇಲೆ ಸ್ವಿಚ್ ಒತ್ತಿದೆ. ಖಾಲಿ ಟ್ಯಾಂಕಿನಲ್ಲಿ ಆನ್ ಮಾಡಿದರೆ ಹೊಸ ಕಾಯಿಲೂ ನಿಮಿಷದಲ್ಲಿ ಸುಡುತ್ತದೆ.

ಇನ್ನು ಸಂಜೆ ನಮ್ಮಲ್ಲಿ ವೋಲ್ಟೇಜ್ 180ಕ್ಕೆ ಇಳಿಯುತ್ತದೆ. ಆಗ 2000 ವ್ಯಾಟಿನ ಕಾಯಿಲ್ 1200ರ ಆಸುಪಾಸಿನಲ್ಲಿ ಕೆಲಸ ಮಾಡುತ್ತದೆ, 22 ನಿಮಿಷಕ್ಕೆ ಕಾಯುವ ನೀರಿಗೆ 36 ನಿಮಿಷ ಬೇಕು. ಅದು ಕಾಯಿಲ್ ಹೋದ ಲಕ್ಷಣ ಅಲ್ಲ, ಬಿಚ್ಚಬೇಡಿ.

ವಾಷಿಂಗ್ ಮೆಷಿನ್ ಸಾಕೆಟ್ಟೂ ಆ ಹಳಬನ ಕೈಯದ್ದೇ. ಬಿಚ್ಚಿಸಿದರೆ ಅಲ್ಲೂ ಅದೇ ತುಂಡು. ಈಗ ಫ್ರಿಜ್ಜಿನದು ಬಾಕಿ, ಭಾನುವಾರ ಬರ್ತೀನಿ ಅಂದಿದ್ದಾರೆ.