ಪಂಪ್ ನಿಂತ ಮೇಲೆ 24 ಸೆಕೆಂಡು

14 ಅಕ್ಟೋಬರ್ 2024, ಸೋಮವಾರ

ಇವತ್ತೆಲ್ಲ ಸೋಡಿಯಂ ಲೆಕ್ಕವೇ ಆಯಿತು, ಅಂದರೆ ಕರಗಿದ ಸೋಡಿಯಂ ಹರಿಸಿ ತಣ್ಣಗಿಡುವ ಅಣು ರಿಯಾಕ್ಟರಿನ ಲೆಕ್ಕ. ಕರೆಂಟ್ ಹೋಗಿ ಸೋಡಿಯಂ ಹರಿಸುವ ಪಂಪುಗಳು ನಿಂತಿವೆ, ರಿಯಾಕ್ಟರನ್ನು ಆರಿಸುವ ಕಂಟ್ರೋಲ್ ರಾಡುಗಳೂ ಕೆಳಗಿಳಿದಿಲ್ಲ ಅಂದುಕೊಳ್ಳಿ. ಎರಡೂ ಒಟ್ಟಿಗೆ ಕೈಕೊಡುವುದು ತೀರಾ ಅಪರೂಪ. ಆದರೂ ಲೆಕ್ಕ ಹಾಕಲೇಬೇಕು.

ಕಂಪ್ಯೂಟರ್ ಮುಟ್ಟುವ ಮೊದಲು ಕಾಗದದ ಮೇಲೆ ನೋಡಿದೆ. ಸೋಡಿಯಂ 400 ಡಿಗ್ರಿಯಲ್ಲಿ ಕೋರ್ (ಇಂಧನ ಇರುವ ನಡುಭಾಗ) ಒಳಗೆ ಹೋಗಿ 550ರಲ್ಲಿ ಹೊರಬರುತ್ತದೆ ಅಂದುಕೊಳ್ಳಿ. ಏರಿಕೆ 150. ಶಕ್ತಿ ಹಾಗೇ ಇದ್ದು ಹರಿವು ಅರ್ಧವಾದರೆ ಏರಿಕೆ 300, ಅಂದರೆ 700 ಡಿಗ್ರಿ. ಹರಿವು ಕಾಲು ಭಾಗವಾದರೆ 1000. ಸೋಡಿಯಂ ಕುದಿಯುವುದೇ 883ಕ್ಕೆ (ಕೋರ್ ಒಳಗಿನ ಒತ್ತಡಕ್ಕೆ ಇನ್ನೂ ಸ್ವಲ್ಪ ಮೇಲೆ). ದೊಡ್ಡ ಕೋರ್‌ನ ನಡುವೆ ಸೋಡಿಯಂ ಕುದಿದು ಆವಿಯಾದರೆ ಶಕ್ತಿ ಇಳಿಯುವ ಬದಲು ಏರಬಹುದು. ಭಯ ಇರುವುದು ಅಲ್ಲೇ.

ಎಷ್ಟು ಹೊತ್ತು ಸಿಗುತ್ತದೆ ಅನ್ನುವುದು ಪಂಪಿನ ಫ್ಲೈವೀಲ್ (ಭಾರದ ಚಕ್ರ) ಕೈಯಲ್ಲಿದೆ. ಕರೆಂಟ್ ಹೋದರೂ ಅದು ಸುಮ್ನೆ ನಿಲ್ಲುವುದಿಲ್ಲ, ತಿರುಗುತ್ತಾ ನಿಧಾನವಾಗುತ್ತದೆ. ಹರಿವು ಅರ್ಧವಾಗಲು 8 ಸೆಕೆಂಡು ಹಾಕಿದರೆ, ಸರಳ ಸೂತ್ರದಲ್ಲಿ ಕಾಲು ಭಾಗಕ್ಕೆ 24 ಸೆಕೆಂಡು. ಅಷ್ಟರೊಳಗೆ ಶಕ್ತಿ ತಾನಾಗಿ ಇಳಿಯಬೇಕು.

ಇಳಿಯುತ್ತದಾ? ಅಮೆರಿಕದ ಇಡಾಹೊದಲ್ಲಿ ಇದನ್ನು ಮಾಡಿಯೇ ನೋಡಿದ್ದಾರೆ. 1986ರ ಏಪ್ರಿಲ್ 3ರಂದು ಇಬಿಆರ್-2 ರಿಯಾಕ್ಟರ್ ಪೂರ್ಣ ಶಕ್ತಿಯಲ್ಲಿದ್ದಾಗ ಪಂಪುಗಳನ್ನು ನಿಲ್ಲಿಸಿದರು, ರಾಡುಗಳು ಇಳಿಯದಂತೆ ಬೇಕಂತಲೇ ತಡೆದರು. ತಾಪ ಸುಮಾರು 200 ಡಿಗ್ರಿ ಏರಿ, ಮತ್ತೆ ಇಳಿಯಿತು. ಬಿಸಿಗೆ ಕೋರ್ ಹಿಗ್ಗಿತು, ಅಣು ಕ್ರಿಯೆ ನಡೆಸುವ ನ್ಯೂಟ್ರಾನುಗಳು ಜಾಸ್ತಿ ಸೋರಿಹೋದವು, ಶಕ್ತಿ ಕುಸಿಯಿತು. ಅದೇ ದಿನ ಶಾಖ ಹೊರಹೋಗುವ ದಾರಿಯನ್ನೂ ಮುಚ್ಚಿ ನೋಡಿದರು. ಆಗಲೂ ಶಕ್ತಿ ತಾನಾಗಿ ಕುಸಿಯಿತು.

ಆದರೆ ಇದನ್ನೇ ಹಿಡಿದು ಎಲ್ಲ ಸೋಡಿಯಂ ರಿಯಾಕ್ಟರೂ ಹೀಗೇ ಅನ್ನುವುದು ನನಗೆ ಒಪ್ಪಿಗೆಯಿಲ್ಲ. ಅದು ಚಿಕ್ಕ ಕೋರ್, ಲೋಹದ ಇಂಧನ. ಲೋಹದಲ್ಲಿ ಶಾಖ ಸಲೀಸಾಗಿ ಹರಿಯುತ್ತದೆ, ಹಾಗಾಗಿ ಇಂಧನ ಸೋಡಿಯಂಗಿಂತ ತೀರಾ ಜಾಸ್ತಿ ಬಿಸಿ ಇರುವುದಿಲ್ಲ. ಆಕ್ಸೈಡ್ ಇಂಧನದ ನಡುಭಾಗ ಪೂರ್ಣ ಶಕ್ತಿಯಲ್ಲಿ 2000 ಡಿಗ್ರಿ ಹತ್ತಿರ ಇರಬಹುದು. ಶಕ್ತಿ ಇಳಿದಾಗ ಅದು ತಣ್ಣಗಾಗುತ್ತದೆ, ಆಗ ಡಾಪ್ಲರ್ ಪರಿಣಾಮ (ಇಂಧನ ತಣ್ಣಗಾದಷ್ಟೂ ಅದು ಸುಮ್ಮನೆ ನುಂಗಿಹಾಕುವ ನ್ಯೂಟ್ರಾನುಗಳು ಕಮ್ಮಿ) ಶಕ್ತಿಯನ್ನು ಮತ್ತೆ ಮೇಲಕ್ಕೆ ಎಳೆಯುತ್ತದೆ. ತಣ್ಣಗಾಗುವುದೇ ಇಲ್ಲಿ ತೊಂದರೆ, ವಿಚಿತ್ರ ಅಲ್ವಾ!

ಸಂಜೆ ಕಂಪ್ಯೂಟರಿನಲ್ಲಿ ಆಕ್ಸೈಡ್ ಹಾಕಿ ಓಡಿಸಿದೆ. 8 ಸೆಕೆಂಡಿನ ಪಂಪಿಗೆ ಸೋಡಿಯಂ ಕುದಿಯಿತು. ನಾಳೆ ಅದನ್ನು 16 ಮಾಡಿ ನೋಡುತ್ತೇನೆ. ಫ್ಲೈವೀಲ್ ಭಾರವಾಗುತ್ತದೆ, ಪಂಪ್ ಮಾಡುವವರು ಗೊಣಗುತ್ತಾರೆ. ಗೊಣಗಲಿ.